ನಾಲ್ಕನೆಯ ಯಂತ್ರದ ಮೇಲಿನ ಬೆರಳು

ಹೋದ ಹಾಗೆ ಮಾಡಿ ಹಿಂತಿರುಗಿ ಬಂದಿದ್ದ ಚಳಿ ಅದು. ಕಂಬಳಿಗಳನ್ನು ಮಡಿಸಿ ಅಟ್ಟಕ್ಕೆ ಹಾಕಿದವರು ಮತ್ತೆ ಏಣಿ ಹತ್ತಿ ಇಳಿಸಿಕೊಂಡಿದ್ದರು. ಮಧ್ಯಾಹ್ನದ ಊಟವಾಗಿ, ತೊಳೆದ ಪಾತ್ರೆಗಳು ಬೋರಲು ಮಲಗಿ ನೀರಿಳಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಸೊಸೆ ಹಿತ್ತಿಲ ತಂತಿಯಿಂದ ಮಾವನ ಹಾಸಿಗೆಯ ಬಟ್ಟೆ ತೆಗೆದು ಮಡಿಸುತ್ತಾ ಕಿಟಕಿಯ ಬಳಿ ನಿಂತಿದ್ದಳು. ಬಟ್ಟೆಯ ಅಂಚಿನಲ್ಲಿ ಇನ್ನೂ ಹಸಿಯಿತ್ತು. ಆಗ ಅವಳಿಗೆ ಮನೆ ಎಂದಿಗಿಂತ ಕೊಂಚ ಹೆಚ್ಚು ತಣ್ಣಗಿದೆ, ಕಿವಿಗೆ ತಣ್ಣಗಿದೆ ಅನ್ನಿಸಿತು. ಗೋಡೆಯ ಆಚೆಗೇ ಹ್ಯಾಚರಿ. ಮೊಟ್ಟೆಗೆ ಕಾವು ಕೊಡುವ ಯಂತ್ರಗಳು ಹಗಲೂ ರಾತ್ರಿ ಗುಂಯ್‌ಗುಡುವುದು ಆ ಮನೆಯ ಗೋಡೆಗಳಿಗೆ ಹತ್ತಿಹೋಗಿತ್ತು. ಗೋಡೆಗೆ ಒರಗಿದರೆ ಬೆನ್ನಿಗೆ ತಿಳಿಯುತ್ತಿತ್ತು, ಮೇಜಿನ ಮೇಲಿಟ್ಟ ಲೋಟದ ನೀರಿಗೆ ತಿಳಿಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅದರಿಂದ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ. ಈಗ ಅದರಲ್ಲಿ ಏನೋ ಒಂದು ಎಳೆ ಕಡಿಮೆಯಾದ ಹಾಗಿತ್ತು. ಅವಳು ಕಿವಿಗೊಡಬೇಕಿತ್ತು. ಕೊಡಲಿಲ್ಲ. ಫೋನು ಕೊಟ್ಟು ಮಾವನನ್ನು ಸಮಾಧಾನ ಮಾಡಿ ಮಲಗಿಸಿ ಬಂದಿದ್ದೇನಲ್ಲ, ಅದಕ್ಕೇ ಈ ನೆಮ್ಮದಿ ಅಂದುಕೊಂಡಳು. ಎಷ್ಟೋ ದಿನದ ಮೇಲೆ ಮನೆ ಹೀಗೆ ಸುಮ್ಮನಿದೆ ಎಂದು ಆ ಮೌನವನ್ನು ಅನುಭವಿಸಿದಳು ಕೂಡ. ಆಮೇಲೆ ಅವಳನ್ನು ಹೆಚ್ಚು ಕೊರೆದದ್ದು ಇದೇ. ತಪ್ಪು ಆಗುತ್ತಿದ್ದ ಹೊತ್ತಿನಲ್ಲಿ ತಾನು ಸುಖವಾಗಿದ್ದೆ ಅನ್ನುವುದು.

ಮಾವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ ಮೊದಲ ದಿನವೇ ಕೇಳಿದ್ದು ಔಷಧಿಯನ್ನಲ್ಲ, ಊಟವನ್ನಲ್ಲ. "ಆ ಕಂಪ್ಯೂಟರನ್ನ ಇಲ್ಲಿಗೆ ತಂದಿಡೋಕಾಗುತ್ತಾ?" ಅಂದಿದ್ದರು. ಹ್ಯಾಚರಿಯ ಗಾಜಿನ ಕೋಣೆಯಲ್ಲಿ ಕೂತು ಆ ಕಂಪ್ಯೂಟರಿನ ಪರದೆಯ ಮೇಲೆ ಯಂತ್ರಗಳನ್ನು ನೋಡುತ್ತಾ ಇರುವುದೇ ಅವರ ಕೆಲಸ, ಅದೇ ಅವರ ಹವ್ಯಾಸ. ಪರದೆಯ ಮೇಲಿನ ಪ್ರೋಗ್ರಾಮು ಅವಳೇ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಒಂದೊಂದು ಯಂತ್ರಕ್ಕೆ ಒಂದೊಂದು ಚೌಕ. ಚೌಕ ಹಸಿರಾಗಿದ್ದರೆ ಯಂತ್ರ ನಡೆಯುತ್ತಿದೆ, ಬೂದಿ ಬಣ್ಣಕ್ಕೆ ತಿರುಗಿದರೆ ನಿಂತಿದೆ. ಮೌಸಿನಿಂದ ಚೌಕವನ್ನು ಒತ್ತಿ ಹಿಡಿದುಕೊಂಡೇ ಇದ್ದರೆ ಮಾತ್ರ ಯಂತ್ರ ನಿಲ್ಲುತ್ತದೆ. ಯಾರೋ ಕೈತಪ್ಪಿ ಮುಟ್ಟಿ ನಿಲ್ಲಿಸಿಬಿಟ್ಟಾರು ಎಂದು ಅವಳೇ ಹಾಗೆ ಮಾಡಿದ್ದಳು. ಬೇಕೆಂದೇ ಒತ್ತಿ ಹಿಡಿಯದೆ ಯಾರಿಂದಲೂ ನಿಲ್ಲಬಾರದು. ಯಂತ್ರ ತೊಳೆಯಲೆಂದು ನಾವಾಗಿಯೇ ನಿಲ್ಲಿಸಿದರೆ ಎಚ್ಚರಿಕೆಯ ಗಂಟೆ ಬಡಿಯಬಾರದು ಎಂದು ಮಾವ ಹೇಳಿದ್ದರು; ಅದನ್ನೂ ಮಾಡಿದ್ದಳು. ಕಂಪ್ಯೂಟರು ಗೋಡೆಯ ತಂತಿಗಳಿಗೆ ಬೆಸೆದುಕೊಂಡು ಕೂತಿತ್ತು, ತರುವ ಹಾಗಿರಲಿಲ್ಲ. "ಫೋನಿಗೆ ತರ್ತೀನಿ ಮಾವ," ಅಂದಳು. ಅವರು ಸ್ವಲ್ಪ ಹೊತ್ತು ಅವಳ ಮುಖದ ಮೇಲೆ ಕಣ್ಣಿಟ್ಟು ಸುಮ್ಮನಿದ್ದರು. ಆಮೇಲೆ, "ಇದ್ದದ್ದು ಇದ್ದ ಹಾಗೇ ಬರ್ಬೇಕು. ಹೊಸದೇನೂ ಬೇಡಮ್ಮ," ಅಂದರು.

ಕಣ್ಣಿಟ್ಟು ಸುಮ್ಮನಿರುವುದು. ಆ ನೋಟಕ್ಕೆ ಅವಳು ಹೆದರುತ್ತಾ ಬಂದಿದ್ದಳು. ಮಾವ ಬೈಯುವವರಲ್ಲ, ಬೈದಿದ್ದರೆ ಅತ್ತೆಯ ಬೈಗುಳದ ಹಾಗೆ ಬಂದ ದಾರಿಯಲ್ಲೇ ಹೋಗಿಬಿಡುತ್ತಿತ್ತು. ಹಾಲು ಉಕ್ಕಿಸಿದಾಗ, ತವರಿನಿಂದ ತಡವಾಗಿ ಬಂದಾಗ, ಬಸಿರು ನಿಲ್ಲದೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗ, ಬಾಗಿಲಲ್ಲಿ ನಿಂತು ಹಾಗೇ ನೋಡಿದ್ದರು. ಆ ನೋಟದ ಕೆಳಗೆ ಯಾವುದೋ ಒಂದು ಮಾತು ಇದೆ, ಅದನ್ನು ತಡೆದುಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಯಾವಾಗಲೂ ಅನ್ನಿಸುತ್ತಿತ್ತು. ಪ್ರೋಗ್ರಾಮು ಮೊದಲ ಸಲ ತೋರಿಸಿದ ದಿನವೂ ಅಷ್ಟೆ. ಮದುವೆಯಾಗಿ ಮೊದಲ ಮಳೆಗಾಲ ಕಳೆದಿರಲಿಲ್ಲ. ಮದುವೆಯಿಂದ ಕಂಪ್ಯೂಟರ್ ಓದು ನಿಂತುಹೋದ ಸಂಕಟವನ್ನೆಲ್ಲ ಸೇರಿಸಿ ಬರೆದಿದ್ದಳು. ಚಹಾದ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವರು ಮೌಸಿನ ಬಾಣವನ್ನು ಮೆಲ್ಲಗೆ ಒಂದು ಚೌಕದ ಮೇಲೆ ತಂದು ನಿಲ್ಲಿಸಿ, ಕೈ ತೆಗೆದು, ಬಹಳ ಹೊತ್ತು ನೋಡಿದರು. ಚಹಾ ಆರಿತು. ಕೊನೆಗೆ ಅಂದದ್ದು ಒಂದೇ ಮಾತು: "ಅಕ್ಷರ ಚಿಕ್ಕದು." ಅಂದು ಅವಳು ಅಡಿಗೆಮನೆಗೆ ಬಂದು ಚಹಾ ಚೆಲ್ಲಿ ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿ ತೊಳೆದಿದ್ದಳು. ಆ ಎರಡು ಪದಗಳನ್ನು ಗಂಟು ಕಟ್ಟಿ ಇಟ್ಟುಕೊಂಡವಳು ಇಂದಿನವರೆಗೆ ಬಿಚ್ಚಿರಲಿಲ್ಲ.

ಫೋನಿಗೆ ತರುವುದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಕಿಟಕಿ, ಚೌಕ, ಗುಂಡಿಗಳನ್ನು ಬಿಡಿಸಿಕೊಡುತ್ತಿದ್ದ ಸಾಮಾನು ಫೋನಿನಲ್ಲಿ ಇಲ್ಲವೇ ಇಲ್ಲ. ಅಡಿಗೆ ಗೊತ್ತಿದ್ದರೂ ಒಲೆಯೇ ಬೇರೆ. ಒಂದೇ ಜಾವಾ ಬರಹವನ್ನು ಕಂಪ್ಯೂಟರಿಗೂ ಫೋನಿಗೂ ಹೊಂದಿಸಿ ಕಟ್ಟಿಕೊಡುವ ಹತಾರವೊಂದನ್ನು ಹುಡುಕಿ ಹಿಡಿದಳು. ಹಳೆಯ ಕಿಟಕಿಯನ್ನು ಆ ಹತಾರಕ್ಕೆ ಒಗ್ಗುವ ಹಾಗೆ ಮತ್ತೆ ಬರೆದಳು; ಯಂತ್ರಗಳ ಜೊತೆ ಮಾತಾಡುವ ಒಳಗಿನ ಬರಹವನ್ನು ಮುಟ್ಟಲಿಲ್ಲ. ಫೋನಿಗೆಂದು ಕಟ್ಟಲು ಬಿಟ್ಟರೆ ಅದು ಬಟ್ಟೆ ಒಗೆಯಲು ಹಾಕಿ ಒಣಹಾಕುವವರೆಗೂ ಕಟ್ಟುತ್ತಲೇ ಇರುತ್ತಿತ್ತು. ಕಂಪ್ಯೂಟರು ಕಾದು ಬುಸುಗುಡುತ್ತಿತ್ತು. ಕೊನೆಗೆ ಕೆಂಪಕ್ಷರದಲ್ಲಿ ಏನೋ ಒಂದು ಇಲ್ಲ ಎಂದು ಹೇಳಿ ನಿಂತುಬಿಡುತ್ತಿತ್ತು. ಇಲ್ಲದ್ದನ್ನು ತಂದುಕೊಟ್ಟರೆ ಮತ್ತೊಂದು ಇಲ್ಲ ಅನ್ನುತ್ತಿತ್ತು. "ನಿನ್ನ ಗಂಡನ ಹಾಗೇ ಆಯ್ತು ಬಿಡು," ಅಂದಿದ್ದರು ಅತ್ತೆ, ಬೆನ್ನ ಹಿಂದೆ ನಿಂತು ಸೊಪ್ಪು ಬಿಡಿಸುತ್ತಾ. "ಟವೆಲ್ ಕೊಟ್ರೆ ಸೋಪೆಲ್ಲಿ, ಸೋಪು ಕೊಟ್ರೆ ಬಿಸಿನೀರೆಲ್ಲಿ." ಅಂತೂ ಒಂದು ಬೆಳಿಗ್ಗೆ ಕೆಂಪಕ್ಷರ ಬರದೆ ಕಟ್ಟಿ ಮುಗಿಯಿತು. ತಂತಿ ಹಾಕಿ ಮಾವನ ಫೋನಿಗೆ ಇಳಿಸಿದಾಗ ಫೋನು, ಇದು ಗೊತ್ತಿಲ್ಲದ ಕಡೆಯಿಂದ ಬಂದದ್ದು, ನಂಬುತ್ತೀರಾ ಎಂದು ಕೇಳಿತು. ಓದಿ ಹೇಳಿದರೆ ಅತ್ತೆ, "ಗೊತ್ತಿಲ್ಲದ ಕಡೆಯಿಂದ ಯಾಕೆ ಬರುತ್ತೆ? ನಮ್ಮನೆ ಸೊಸೆ ಮಾಡಿದ್ದು ಅಂತ ಹೇಳೇ ಅದಕ್ಕೆ," ಅಂದರು. ಅದೇ ಹಸಿರು ಚೌಕಗಳು, ಅದೇ ಹಳೇ ಬೂದುಬಣ್ಣದ ಹಿನ್ನೆಲೆ, ಅಂಗೈಯಷ್ಟರಲ್ಲಿ. ಅವಳು ಎಲ್ಲವನ್ನೂ ಟಕಟಕ ಮುಟ್ಟಿ ನೋಡಿದಳು. ಅವಳ ಬೆರಳು ಎಲ್ಲೂ ನಿಲ್ಲುವ ಬೆರಳಲ್ಲ. ಮುಟ್ಟಿದ್ದೆಲ್ಲ ಸರಿಯಾಗಿತ್ತು. ಊಟದ ನಂತರ ಮಾವನ ಕೈಗೆ ಕೊಟ್ಟಳು. ಅವರು ದಿಂಬಿಗೆ ಒರಗಿ, ಫೋನನ್ನು ತೋಳಿನಷ್ಟು ದೂರ ಹಿಡಿದು, "ಹ್ಞೂಂ," ಅಂದರು. ಅವರ ಮಟ್ಟಿಗೆ ಅದು ದೊಡ್ಡ ಮಾತೇ. ಅವಳು ಹಾಸಿಗೆಯ ಬಟ್ಟೆ ಮಡಿಸಲು ಎದ್ದು ಬಂದಳು.

ಸಂಜೆ ಚಹಾದ ಹೊತ್ತಿಗೆ ಮೇಸ್ತ್ರಿ ಹಿತ್ತಿಲ ಬಾಗಿಲಿಗೆ ಬಂದ. ಯಂತ್ರಗಳನ್ನು ನೋಡಿಕೊಳ್ಳುವವನು, ಮಾವನಷ್ಟೇ ಹಳಬ. ನಗದೆ ಒಂದು ಮಾತೂ ಆಡದವನು ಅಂದು ನಗಲಿಲ್ಲ. "ಅಮ್ಮಾ, ನಾಲ್ಕನೇದು ತಣ್ಣಗಿದೆ," ಅಂದ. ಅತ್ತೆಯ ಕೈಯಲ್ಲಿದ್ದ ಜರಡಿ ಹಾಗೇ ನಿಂತಿತು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಒಂದೇ ದಿನ ಮೊಟ್ಟೆ ಇಟ್ಟು ಎರಡು ವಾರವಾಗಿತ್ತು. ಒಳಗೆ ಕಣ್ಣು, ಕೊಕ್ಕು ಎಲ್ಲ ಮೂಡಿದ್ದ ಹೊತ್ತು. ಮುಂದಿನ ವಾರ ಒಡೆದು ಹೊರಬರಬೇಕಾದವು. "ತಣ್ಣಗಿದೆ ಅಂದ್ರೆ? ಗಂಟೆ ಬಡೀಲಿಲ್ವಲ್ಲ!" ಅಂದರು ಅತ್ತೆ. "ಅದೇ ನನಗೂ ತಿಳೀತಿಲ್ಲ. ಕೆಟ್ಟಿಲ್ಲ ಅಮ್ಮಾ, ಯಾರೋ ನಿಲ್ಲಿಸಿದ ಹಾಗೆ ನಿಂತಿತ್ತು. ಗುಂಡಿ ಒತ್ತಿದ ತಕ್ಷಣ ಹೊರಟಿತು." "ಯಾರೋ ಯಾರು? ಅಲ್ಲಿ ಇರೋನು ನೀನೊಬ್ಬ. ಬೆಳಿಗ್ಗೆ ಅದರ ಬಾಗಿಲು ಒರೆಸ್ತಾ ಇದ್ಯಲ್ಲ!" "ಒರೆಸಿದೆ. ನಿಲ್ಲಿಸ್ಲಿಲ್ಲ." "ವಯಸ್ಸಾಯ್ತು ಮೇಸ್ತ್ರಿ ನಿಂಗೆ. ಮಾಡಿದ್ದು ಮರೀತೀಯ." ಮೇಸ್ತ್ರಿ ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ, ಅದು ತನಗೆ ಹೇಳದೆ ಏನಾದರೂ ಮಾಡಿತೋ ಎಂಬಂತೆ.

ಗಂಟೆ ಬಡಿಯಲಿಲ್ಲ ಅಂದಾಗಲೇ ಸೊಸೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಿದ್ದಳು. ಗಂಟೆ ಬಡಿಯದಿರಬೇಕಾದರೆ ಯಾರೋ ಚೌಕವನ್ನು ಒತ್ತಿ ಹಿಡಿದಿರಬೇಕು. ನೆಟ್ಟಗೆ ಒಳಗೆ ಹೋದಳು. ಮಾವನ ಕೋಣೆಯಲ್ಲಿ ದೀಪ ಹಾಕಿರಲಿಲ್ಲ. ಫೋನಿನ ಬೆಳಕು ಅವರ ಗದ್ದದ ಮೇಲೆ, ಬೆಳೆದ ಬಿಳಿ ಗಡ್ಡದ ಮೇಲೆ ಬಿದ್ದಿತ್ತು. ಅವರ ತೋರುಬೆರಳು ಎರಡನೆಯ ಚೌಕದ ಮೇಲೆ ಮೆಲ್ಲಗೆ ಇಳಿದು, ಅಲ್ಲೇ ಕೂತುಕೊಂಡಿತು. ಒತ್ತಿದ ಹಾಗಿರಲಿಲ್ಲ. ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರು ಇಡುತ್ತಾರಲ್ಲ, ಹಾಗೆ ಇಟ್ಟುಕೊಂಡು ಕಾಯುತ್ತಿದ್ದರು. ಅವಳು ಎರಡೇ ಹೆಜ್ಜೆಗೆ ಮುಟ್ಟಿ ಫೋನನ್ನು ಕಿತ್ತುಕೊಂಡಳು. ಆ ಮನೆಗೆ ಬಂದಂದಿನಿಂದ ಮಾವನ ಕೈಯಿಂದ ಅವಳು ಏನನ್ನೂ ಕಿತ್ತುಕೊಂಡಿರಲಿಲ್ಲ; ಲೋಟವನ್ನು ಕೂಡ ಅವರು ಕೆಳಗಿಟ್ಟ ಮೇಲೆ ತೆಗೆದುಕೊಳ್ಳುವವಳು. ಅವರ ಬೆರಳು ಗಾಳಿಯಲ್ಲಿ ಹಾಗೇ ಉಳಿಯಿತು. ಅವರು ನೋಡಿದರು. "ಚಾರ್ಜ್ ಇಲ್ಲ ಮಾವ," ಅಂದಳು. ಪರದೆಯ ಮೇಲೆ ಫೋನಿನ ಚಾರ್ಜು ತುಂಬಿರುವುದು ಇಬ್ಬರಿಗೂ ಕಾಣುತ್ತಿತ್ತು.

ಕಂಪ್ಯೂಟರಿನಲ್ಲಿ ಬಾಣವನ್ನು ಸುಮ್ಮನೆ ಇಟ್ಟರೆ ಏನೂ ಆಗುವುದಿಲ್ಲ. ಇಡುವುದು ಬೇರೆ, ಒತ್ತುವುದು ಬೇರೆ. ಬಾಣ ಇಟ್ಟು ಕಾದರೆ ಚೌಕದ ಪಕ್ಕದಲ್ಲಿ ಒಂದು ಹಳದಿ ಚೀಟಿ ತೆರೆದುಕೊಂಡು ಯಂತ್ರದೊಳಗಿನ ಶಾಖ ಎಷ್ಟು ಎಂದು ತೋರಿಸುತ್ತದೆ. ಫೋನಿಗೆ ಆ ಭೇದವೇ ಇಲ್ಲ. ಅದಕ್ಕೆ ಬೆರಳಿನ ನೆರಳು ತಿಳಿಯುವುದಿಲ್ಲ, ಮುಟ್ಟಿದರೆ ಮಾತ್ರ ತಿಳಿಯುತ್ತದೆ. ಮುಟ್ಟಿಕೊಂಡೇ ಇದ್ದರೆ ಒತ್ತಿ ಹಿಡಿದಂತೆ. ಯಾರಿಂದಲೂ ಕೈತಪ್ಪಿ ನಿಲ್ಲದಿರಲಿ ಎಂದು ಅವಳು ಹಾಕಿದ್ದ ಅಗುಳಿಯೇ, ನೋಡಲು ಕೂತವನ ಬೆರಳಿಗೆ ಯಂತ್ರ ನಿಲ್ಲಿಸುವ ಕೀಲಿಯಾಗಿತ್ತು. ಇಷ್ಟು ವರ್ಷ ಅವರ ಪಕ್ಕದಲ್ಲಿ ಚಹಾ ಹಿಡಿದು ನಿಂತಿದ್ದಳಲ್ಲ, ಅವರು ಹೇಗೆ ನೋಡುತ್ತಾರೆ ಎಂದು ಒಮ್ಮೆಯೂ ನೋಡಿರಲಿಲ್ಲ. ಅವರು ತನ್ನನ್ನು ಹೇಗೆ ನೋಡುತ್ತಾರೆ ಅನ್ನುವುದರಲ್ಲೇ ಅವಳ ಗಮನವೆಲ್ಲ ಕಳೆದುಹೋಗಿತ್ತು. ಈಗ ಮೊಟ್ಟೆಗಳು ಸತ್ತರೆ ಏನು ಹೇಳುವುದು? ಮಾವ, ನಿಮ್ಮ ಬೆರಳೇ ಕೊಂದಿತು ಅನ್ನುವುದೇ? ಸೊಂಟ ಮುರಿದು ಮಲಗಿದವರಿಂದ, ಏಳುವುದಕ್ಕೆ ಇರುವ ಒಂದೇ ನೆಪವನ್ನು ಕಿತ್ತುಕೊಂಡ ಹಾಗೆ. ಹೇಳದೆ ಇದ್ದರೆ ಅದು ಮೇಸ್ತ್ರಿಯ ತಲೆಯ ಮೇಲೆ. ಎರಡರ ನಡುವೆ ನಿಂತು ಅವಳು ಅಂದು ಏನೂ ಹೇಳಲಿಲ್ಲ. ಮೊಟ್ಟೆ ಬದುಕಿದ್ದರೆ ಹೇಳಿದರೂ ಹಗುರ, ಹೇಳದಿದ್ದರೂ ಹಗುರ. ಕಾದು ನೋಡೋಣ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವಾಗಲೇ ಅದು ಹೇಡಿತನ ಎಂದೂ ತಿಳಿಯುತ್ತಿತ್ತು.

ಮಾರನೆಯ ದಿನ ಮೇಸ್ತ್ರಿ ಕತ್ತಲೆ ಮಾಡಿದ ಕೋಣೆಯಲ್ಲಿ ನಾಲ್ಕನೆಯದರ ಒಂದು ಮೊಟ್ಟೆಯನ್ನು ದೀಪದ ಕಂಡಿಗೆ ಹಿಡಿದು ಅವಳಿಗೆ ತೋರಿಸಿದ. ಚಿಪ್ಪು ಕೆಂಡದ ಹಾಗೆ ಬೆಳಗಿತು. ಒಳಗೆ ಕಪ್ಪಗೆ ಒಂದು ಮುದ್ದೆ. ಅವಳು ಉಸಿರು ಹಿಡಿದಳು. ಮುದ್ದೆ ಮಿಸುಕಿತೋ, ಅವನ ಕೈ ನಡುಗಿತೋ ತಿಳಿಯಲಿಲ್ಲ. "ಮಿಸುಕಿತು ಅಲ್ವಾ?" ಅಂದಳು. "ನಂಗೂ ಹಾಗೇ ಕಂಡಿತು. ಆದ್ರೆ ಅಕ್ಕ, ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ ಈಗ. ಕೈಯಂತೂ ಬೇಡವೇ ಬೇಡ. ಅಮ್ಮ ತೀರ್ಪು ಕೊಟ್ಟಾಗಿದೆ." ನಗುತ್ತಲೇ ಅಂದ, ಆದರೆ ಮೊಟ್ಟೆಯನ್ನು ತಟ್ಟೆಗೆ ಇಡುವಾಗ ಎರಡೂ ಕೈಗಳಿಂದ ಇಟ್ಟ. ಮೊದಲೆಲ್ಲ ಒಂದೇ ಕೈಯಲ್ಲಿ ಮೂರು ಮೂರು ಮೊಟ್ಟೆ ಹಿಡಿಯುತ್ತಿದ್ದವನು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಹೊರಗಿನಿಂದ ಕರೆದರು, ಅವಳು ಆ ಕರೆಗೆ ಕೃತಜ್ಞಳಾಗಿ ಓಡಿದಳು.

ಮನೆಯಲ್ಲಿ ಆ ವಾರ ಎಲ್ಲರೂ ಮುಳ್ಳಿನ ಮೇಲೆ ಕೂತವರ ಹಾಗಿದ್ದರು. ಗಂಡ ಮರಿಗಳನ್ನು ಸಾಗಿಸುವ ವ್ಯಾನು ಓಡಿಸುತ್ತಿದ್ದವನು, ದಿನಾ ಸಂಜೆ ಚಪ್ಪಲಿ ಬಿಡುವ ಮೊದಲೇ, "ಏನೇ, ಶುಕ್ರವಾರ ನಾಲ್ಕನೇದು ತುಂಬುತ್ತೋ, ಇಲ್ಲ ಬರೀ ಡಬ್ಬ ಇಟ್ಕೊಂಡು ಊರೆಲ್ಲ ಸುತ್ತಿ ಗಾಳಿ ಮಾರ್ಕೊಂಡು ಬರ್ಲೋ?" ಅನ್ನುತ್ತಿದ್ದ. ಅವನಿಗೆ ಹೇಳಬಹುದಿತ್ತು. ಹೇಳಿದರೆ ಅವನು ನಗುತ್ತಿದ್ದ, ನಕ್ಕು ಅಪ್ಪನಿಗೂ ಹೇಳಿಬಿಡುತ್ತಿದ್ದ. ಅವನ ಹೊಟ್ಟೆಯಲ್ಲಿ ಅನ್ನ ಬಿಟ್ಟು ಬೇರೇನೂ ಉಳಿಯದು. ಮಾವ ಫೋನಿನ ಮಾತೆತ್ತಲಿಲ್ಲ. ಅದೇ ಅವಳನ್ನು ಹೆಚ್ಚು ಕಾಡಿತು. ತಲೆ ಬಾಚಿಸಿಕೊಳ್ಳುವಾಗ, ಮಾತ್ರೆ ನುಂಗುವಾಗ, ಅವರ ತೋರುಬೆರಳು ಹೊದಿಕೆಯ ಚೌಕಳಿಯ ಮೇಲೆ ಒಂದೊಂದೇ ಮನೆಯಲ್ಲಿ ಇಳಿದು ಕೂರುವುದನ್ನು ಅವಳು ಕಂಡಳು. ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದರು. ನಿದ್ದೆ ಎಂದು ಅತ್ತೆ ಅಂದುಕೊಂಡಿದ್ದರು. ಅವರು ಗೋಡೆಯನ್ನು ಕೇಳುತ್ತಿದ್ದಾರೆ ಎಂದು ಅವಳಿಗೆ ಮಾತ್ರ ಗೊತ್ತಾಗುತ್ತಿತ್ತು.

ಅವಳು ಪ್ರೋಗ್ರಾಮನ್ನು ತಿದ್ದಿದಳು. ಫೋನಿನಿಂದ ಯಾವ ಯಂತ್ರವನ್ನೂ ನಿಲ್ಲಿಸಲು ಆಗದ ಹಾಗೆ, ಬೆರಳಿಟ್ಟರೆ ಹಳದಿ ಚೀಟಿ ಮಾತ್ರ ಬರುವ ಹಾಗೆ. ತಿದ್ದಿದ್ದು ಸ್ವಲ್ಪವೇ, ಆದರೆ ಕಟ್ಟಲು ಕೊಡುವಾಗ ಕೈ ಹಿಂಜರಿಯಿತು. ಮೊದಲ ಸಲ ಕೆಂಪಕ್ಷರ ಬಂದಾಗ ಸಿಟ್ಟು ಬರುತ್ತಿತ್ತು. ಈಗ ಕೆಂಪಕ್ಷರ ಬಂದರೆ ಒಳಗೊಳಗೇ ಹಾಯೆನಿಸುತ್ತಿತ್ತು, ಇವತ್ತೂ ಕೊಡಬೇಕಾಗಿಲ್ಲ ಎಂದು. ಕೆಂಪಕ್ಷರವೂ ಎಷ್ಟು ದಿನ ಬಂದೀತು? ಬುಧವಾರ ಕಟ್ಟಿ ಮುಗಿಯಿತು. ತನ್ನ ಫೋನಿಗೆ ಮೊದಲು ಹಾಕಿಕೊಂಡಳು. ಹಿತ್ತಿಲ ಕಟ್ಟೆಯ ಮೇಲೆ ಕೂತು, ಮಾವನ ಹಾಗೆ ಫೋನನ್ನು ತೋಳಿನಷ್ಟು ದೂರ ಹಿಡಿದು, ಮಾವನ ಹಾಗೆ ಬೆರಳನ್ನು ಮೆಲ್ಲಗೆ ಇಳಿಸಿ, ಇಟ್ಟುಕೊಂಡೇ ಕೂತಳು. ಹಾಗೆ ಕೂರುವುದು ಅವಳಿಗೆ ಬರುತ್ತಿರಲಿಲ್ಲ. ಬೆರಳು ಎದ್ದು ಓಡಲು ಹವಣಿಸುತ್ತಿತ್ತು. ಕಾದಳು. ಹಳದಿ ಚೀಟಿ ತೆರೆದುಕೊಂಡಿತು. ಅದರ ಅಕ್ಷರಗಳನ್ನು ಕಂಡು ಅವಳಿಗೆ ಆಶ್ಚರ್ಯವಾಯಿತು. ಉಳಿದ ಅಕ್ಷರಗಳೆಲ್ಲ ಇರುವೆಗಳಂತಿದ್ದರೆ ಇವು ಮಾತ್ರ ಅಂಗಡಿಯ ಬೋರ್ಡಿನಂತಿದ್ದವು, ಅಸಹ್ಯವೆನಿಸುವಷ್ಟು ದಪ್ಪ. ಇದನ್ನು ಯಾರು ಹೀಗೆ ಬರೆದರು ಅಂದುಕೊಂಡಳು. ಅವಳೇ. ಅಕ್ಷರ ಚಿಕ್ಕದು ಅನ್ನಿಸಿಕೊಂಡ ಆ ಸಂಜೆ, ಲೋಟ ತೊಳೆದು ಬಂದು, ತಗೊಳ್ಳಿ ದೊಡ್ಡದು ಎಂದು ಹಲ್ಲು ಕಚ್ಚಿ, ಆ ಒಂದೇ ಒಂದು ಚೀಟಿಯ ಅಕ್ಷರವನ್ನು ಎಷ್ಟಾಗುತ್ತದೋ ಅಷ್ಟು ಉಬ್ಬಿಸಿಟ್ಟಿದ್ದಳು. ಕಣ್ಣಿಗೆ ಹೊಡೆಯಲಿ, ನಾಳೆ ಬೇಡ ಅನ್ನಲಿ ಎಂದೇ ಮಾಡಿದ್ದು. ಅವರು ಬೇಡ ಅನ್ನಲಿಲ್ಲ. ಅವಳು ಮರೆತಿದ್ದಳು.

ಗುರುವಾರ ಬೆಳಿಗ್ಗೆ ಮೂರನೆಯದರ ಮೊಟ್ಟೆಗಳು ಒಡೆದವು. ಅದರ ಬಾಗಿಲು ತೆರೆದರೆ ಸಂತೆಯ ಗದ್ದಲ. ಒದ್ದೆ ಮರಿಗಳು ಒಂದರ ಮೇಲೊಂದು ಬಿದ್ದು ಎದ್ದು, ಚಿಪ್ಪಿನ ಚೂರುಗಳನ್ನು ಟೋಪಿಯಂತೆ ತಲೆಯ ಮೇಲೆ ಹೊತ್ತುಕೊಂಡು ಓಡಾಡುತ್ತಿದ್ದವು. ಪಕ್ಕದಲ್ಲೇ ನಾಲ್ಕನೆಯದರೊಳಗೆ ಮೊಟ್ಟೆಗಳು, ಅದೇ ದಿನ ಇಟ್ಟವು, ಬೆಳ್ಳಗೆ, ನುಣ್ಣಗೆ, ಒಂದು ಗೀರೂ ಇಲ್ಲದೆ ಕೂತಿದ್ದವು. ಅವಳು ಅದರ ತಗಡಿನ ಬಾಗಿಲು ಮುಚ್ಚಿ ಕಿವಿ ಇಟ್ಟಳು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಇಟ್ಟಳು. ಅಷ್ಟೇ. ಅತ್ತೆ ಹೊಸಿಲಲ್ಲಿ ನಿಂತು, "ಇನ್ನೇನು ಕೇಳ್ತೀಯ ಬಾ. ಅವನ ಕೈಗೆ ಬೆಂಕಿ ಹಾಕ," ಅಂದರು, ದನಿ ತಗ್ಗಿಸದೆ. ಮೇಸ್ತ್ರಿ ಕೇಳಿಸಿಕೊಂಡ. ಒದ್ದೆ ಮರಿಯೊಂದನ್ನು ಎತ್ತಿ ಅದರ ಬೆನ್ನು ಒರೆಸುತ್ತಾ, "ಅದಕ್ಕೂ ಇನ್ನೊಂದು ಗುಂಡಿ ಇಡ್ಸಿ ಅಮ್ಮಾ," ಅಂದ. ಯಾರೂ ನಗಲಿಲ್ಲ. ಅವಳಿಗೆ ಇನ್ನು ಕಾಯಲಾಗಲಿಲ್ಲ. ಮೊಟ್ಟೆ ಬದುಕಿದ್ದರೆ ಹಗುರ ಎಂದು ಹೂಡಿದ್ದ ಲೆಕ್ಕ ಅಲ್ಲೇ ಬಿದ್ದುಹೋಯಿತು. ಈಗ ಭಾರವಾಗಿಯೇ ಹೇಳಬೇಕು.

ಮಾವನ ಕೋಣೆಗೆ ಹೋಗಿ ಫೋನನ್ನು ಅವರ ಹೊದಿಕೆಯ ಮೇಲಿಟ್ಟಳು. ಮಂಚದ ಸರಳನ್ನು ಹಿಡಿದುಕೊಂಡಳು. "ಮಾವ, ನಾಲ್ಕನೇದರಲ್ಲಿ ಮರಿ ಏಳಲಿಲ್ಲ. ಅವತ್ತು ಅದು ನಿಂತಿದ್ದು ಮೇಸ್ತ್ರಿಯಿಂದ ಅಲ್ಲ, ನನ್ನಿಂದ. ನಾನು ಫೋನಿಗೆ ಮಾಡಿದ್ದು ತಪ್ಪಾಗಿತ್ತು."

ಮಾವ ಗೋಡೆಯಿಂದ ಮುಖ ತಿರುಗಿಸಿದರು. "ನಿನ್ನಿಂದ ಹೇಗಾಗುತ್ತೆ? ನನ್ನ ಬೆರಳಿಂದ."

ಅವಳು ಅವರ ಬೆರಳನ್ನು ನೋಡಿದಳು.

"ಬೂದಿ ಆಯ್ತು ಚೌಕ. ಫೋನು ತಾನಾಗೇ ಮಂಕಾಗುತ್ತಲ್ಲ, ಹಂಗೆ ಅಂದ್ಕೊಂಡು ನಿದ್ದೆ ಮಾಡ್ಬಿಟ್ಟೆ. ನೀನು ಬಂದು ಕಸ್ಕೊಂಡ್ಯಲ್ಲ, ಆಗ ತಿಳೀತು." ಬೆರಳನ್ನು ಮಡಿಸಿಕೊಂಡು, "ಒತ್ತಲಿಲ್ಲ ಕಣಮ್ಮ. ಇಟ್ಟಿದ್ದೆ ಅಷ್ಟೆ," ಅಂದರು. ಆ ಮಾತು ಬಹಳ ದಿನದಿಂದ ಬಾಯಲ್ಲೇ ಇದ್ದು ಸವೆದು ಬಂದ ಹಾಗಿತ್ತು.

"ಗೊತ್ತು ಮಾವ. ಮತ್ತೆ ಯಾಕೆ ಹೇಳಲಿಲ್ಲ?"

"ನೀನ್ಯಾಕೆ ಹೇಳಲಿಲ್ಲ?"

ಅವರು ಉತ್ತರಕ್ಕೆ ಕಾಯಲಿಲ್ಲ. ಫೋನನ್ನು ಎತ್ತಿ ತೋಳಿನಷ್ಟು ದೂರ ಹಿಡಿದು, ಮುಟ್ಟಲು ಅಂಜಿ, ಅವಳ ಕಡೆ ನೋಡಿದರು. "ಮುಟ್ಟಿ ಮಾವ. ಇನ್ನು ಏನೂ ನಿಲ್ಲಲ್ಲ. ಎಷ್ಟು ಹೊತ್ತಾದ್ರೂ ಇಟ್ಕೊಳ್ಳಿ." ಬೆರಳು ನಾಲ್ಕನೆಯ ಚೌಕದ ಮೇಲೆ ಇಳಿಯಿತು. ಕೂತಿತು. ಹಳದಿ ಚೀಟಿ ತೆರೆದುಕೊಂಡಿತು. "ಹಾಂ. ಇದು ಬಂತು ನೋಡು," ಅಂದರು ಮಾವ, ಹಳೆಯ ನೆಂಟನನ್ನು ಕಂಡ ಹಾಗೆ. "ಅವತ್ತು ಇದು ಬರಲಿ ಅಂತಲೇ ಕಾಯ್ತಿದ್ದೆ. ಬರಲೇ ಇಲ್ಲ. ನನಗೆ ಓದೋಕಾಗೋದು ಇದೊಂದೇ. ಉಳಿದದ್ದೆಲ್ಲ ಮಸುಕು, ಅವತ್ತಿಂದಲೂ ಮಸುಕು. ಅಕ್ಷರ ಚಿಕ್ಕದು ಅಂದದ್ದಕ್ಕೆ ಅದೇ ಸಂಜೆ ಕೂತು ನನಗೋಸ್ಕರ ದೊಡ್ಡದು ಮಾಡಿಟ್ಟೆ ನೀನು. ಹೊಸದಾಗಿ ಬಂದ ಹುಡುಗಿ. ಯಾರು ಮಾಡ್ತಾರೆ? ಇವಳಿಗೆ ಎಷ್ಟೋ ಸಲ ಹೇಳಿದ್ದೀನಿ." ಇವಳು ಅಂದರೆ ಅತ್ತೆ. ಅತ್ತೆ ಅದನ್ನು ಅವಳಿಗೆ ಎಂದೂ ದಾಟಿಸಿರಲಿಲ್ಲ. ಆ ಅಕ್ಷರವನ್ನು ಉಬ್ಬಿಸಿದ್ದು ಯಾವ ಸಿಟ್ಟಿನಲ್ಲಿ ಎಂದು ಹೇಳಿಬಿಡಬೇಕು ಅನ್ನಿಸಿತು ಅವಳಿಗೆ. ಹೇಳಿದರೆ ಅದು ಸತ್ಯವಾದೀತು. ಆದರೆ ಇಷ್ಟು ವರ್ಷ ಅವರು ಓದುತ್ತಾ ಬಂದದ್ದು ಸುಳ್ಳಾಗಿರಲಿಲ್ಲವಲ್ಲ. ಅವರು ಕಣ್ಣೆತ್ತಿ ಅವಳನ್ನು ನೋಡಿದರು. ಅದೇ ನೋಟ, ಇಟ್ಟುಕೊಂಡು ಕೂರುವ ನೋಟ. ಅದರ ಕೆಳಗೆ ತಡೆಹಿಡಿದ ಮಾತು ಯಾವುದೂ ಇರಲಿಲ್ಲ. ಎಂದೂ ಇರಲಿಲ್ಲವೇನೋ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನ ಬಾಗಿಲಲ್ಲಿ ನಿಂತು ನೋಡಿದ್ದರಲ್ಲ, ಅವಳಲ್ಲಿ ಶಾಖ ಎಷ್ಟಿದೆ ಎಂದು ನೋಡಿದ್ದಿರಬಹುದು, ಅಷ್ಟೆ. ಅವಳು ಸರಳು ಬಿಟ್ಟು ಮಂಚದ ಅಂಚಿನಲ್ಲಿ ಕೂತಳು. ಮಾವನ ಎದುರು ಅವಳು ಕೂತದ್ದು ಅದೇ ಮೊದಲು.

"ಮೇಸ್ತ್ರಿನ ಕರಿ," ಅಂದರು ಮಾವ. "ಇವಳನ್ನೂ ಕರಿ."

ಇಬ್ಬರೂ ಬಂದರು. ಮಾವ ವಿಷಯ ಹೇಳಿದರು. ಹೆಚ್ಚು ಮಾತಿಲ್ಲದೆ, ಬೆರಳು ಎತ್ತಿ ತೋರಿಸಿ. ಅತ್ತೆ ಒಮ್ಮೆ ಗಂಡನ ಬೆರಳನ್ನು, ಒಮ್ಮೆ ಸೊಸೆಯನ್ನು ನೋಡಿ, ಬೈಗುಳವನ್ನು ಯಾರಿಗೆ ಕೊಡುವುದೆಂದು ತಿಳಿಯದೆ, "ಅಯ್ಯೋ, ಒಂದು ವಾರ ಆ ಮನುಷ್ಯನ ಜೀವ ತಿಂದೆನಲ್ಲ!" ಎಂದು ತಮ್ಮ ಹಣೆಗೇ ಬಡಿದುಕೊಂಡರು. "ತಪ್ಪಾಯ್ತು ಮೇಸ್ತ್ರಿ," ಅಂದಳು ಸೊಸೆ, "ನಾನು ಮೊದಲೇ ಹೇಳ್ಬೇಕಿತ್ತು." ಮೇಸ್ತ್ರಿ ತನ್ನ ಅಂಗೈಯನ್ನು ನೋಡಿಕೊಂಡ, ಕಳೆದುಹೋಗಿ ಸಿಕ್ಕಿದ ವಸ್ತುವನ್ನು ನೋಡುವ ಹಾಗೆ. "ಇರ್ಲಿ ಬಿಡಕ್ಕ. ನಾನೇ ನಿಲ್ಲಿಸಿದೆನೇನೋ ಅಂತ ಅರ್ಧ ನಂಬಿಬಿಟ್ಟಿದ್ದೆ. ಇನ್ನೆರಡು ದಿನ ಅಮ್ಮ ಬೈದಿದ್ರೆ ಪೂರಾ ನಂಬ್ತಿದ್ದೆ." ಆಮೇಲೆ ಯಜಮಾನರ ಕಡೆ ತಿರುಗಿ, "ನೀವು ಬಿದ್ದಿದ್ದು ಬಚ್ಚಲಲ್ಲಿ, ಯಜಮಾನ್ರೇ. ಏಟು ತಿಂದಿದ್ದು ನಾನು," ಅಂದ. ಮಾವ ನಕ್ಕರು. ನಕ್ಕರೆ ಸೊಂಟ ನೋಯುತ್ತಿತ್ತು. ನೋವಿಗೆ ಮುಖ ಹಿಂಡಿಕೊಂಡು ಮತ್ತೂ ನಕ್ಕರು. "ಮೊಟ್ಟೆ ಎಸೀಬೇಡ್ರೋ. ಕಾವಿಗೆ ಕೂತ ಕೋಳಿ ಎದ್ದು ಹೋಗಲ್ವಾ? ನಮ್ಮಮ್ಮನ ಕೋಳಿ ಒಂದಿತ್ತು, ಪಕ್ಕದ ಮನೆ ಕೋಳಿ ಜೊತೆ ಜಗಳಕ್ಕೆ ಹೋಗಿ ಒಂದು ಮಧ್ಯಾಹ್ನ ಪೂರಾ ಗೂಡಿಗೆ ಬರಲಿಲ್ಲ. ಮರಿಗಳು ತಡವಾಗಿ ಬಂದವು. ಬಂದಂತೂ ಬಂದವು." "ಈ ಮನೇಲೂ ಜಗಳಕ್ಕೆ ಹೋಗೋರಿಗೇನು ಕಮ್ಮಿ ಇಲ್ಲ," ಅಂದ ಮೇಸ್ತ್ರಿ, ಅತ್ತೆಯ ಕಡೆ ನೋಡದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮೊಟ್ಟೆಗಳು ಏಳುತ್ತವೆ ಎಂದು ಅವಳು ನಂಬಲಿಲ್ಲ. ಆದರೆ ಅಂದು ಸಂಜೆ ಚಹಾ ಸೋಸುವಾಗ, ಏಳದಿದ್ದರೂ ತಾನು ಈ ಮನೆಯಲ್ಲಿ ನಿಲ್ಲಬಲ್ಲೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಕಣ್ಣು ತುಂಬಿಬಂದು, ಒಲೆಯ ಹಬೆಗೆ ಮುಖವೊಡ್ಡಿ ನಿಂತಳು.

ಶುಕ್ರವಾರ ಬೆಳಿಗ್ಗೆ ಗಂಡ ಮೂರನೆಯದರ ಮರಿಗಳನ್ನು ತುಂಬಿಕೊಂಡು ಹೊರಟಿದ್ದ. ಅವಳು ಮಾವನಿಗೆ ಮಾತ್ರೆ ಕೊಡಲು ಹೋದರೆ ಅವರು ಗೋಡೆಗೆ ಅಂಗೈ ಒತ್ತಿ ಮಲಗಿದ್ದರು. ಇನ್ನೊಂದು ಕೈಯ ಬೆರಳು ಫೋನಿನ ಮೇಲೆ ಕೂತಿತ್ತು. "ಶ್‌," ಅಂದರು. "ನಾಲ್ಕನೇದರ ಶಾಖ ಅರ್ಧ ಡಿಗ್ರಿ ಏರಿದೆ ನೋಡು. ಯಂತ್ರ ಏರಿಸಿದ್ದಲ್ಲ. ಒಳಗಿಂದ ಏರಿದ್ದು." ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮರಿಗಳ ಮೈಯ ಕಾವು ಎಂದು ಹೊಳೆದದ್ದೇ ಓಡಿದಳು, ಹಿತ್ತಿಲಲ್ಲಿ ಬಟ್ಟೆಯ ತಂತಿಗೆ ತಲೆ ತಾಗಿತು, ನಿಲ್ಲಲಿಲ್ಲ. ತಗಡಿನ ಬಾಗಿಲಿಗೆ ಕಿವಿ ಇಟ್ಟಳು. ಫ್ಯಾನಿನ ಸದ್ದಿನ ಕೆಳಗೆ, ಬಹಳ ಕೆಳಗೆ, ಯಾರೋ ಉಗುರಿನಿಂದ ಒಣ ಎಲೆ ಕೆರೆದ ಹಾಗೆ. ನಿಂತಿತು. ಮತ್ತೆ ಕೆರೆಯಿತು. ಮೇಸ್ತ್ರಿ ಬಂದು ಇನ್ನೊಂದು ಬದಿಯಿಂದ ಕಿವಿ ಇಟ್ಟ. ಬಾಗಿಲಿನ ಎಡಕ್ಕೊಬ್ಬರು ಬಲಕ್ಕೊಬ್ಬರು ಕಿವಿ ಹಚ್ಚಿಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಆಮೇಲೆ ಒಳಗೆ ಒಂದು ಮರಿ ಕೂಗಿತು, ಅದಕ್ಕೆ ಇನ್ನೊಂದು ಓಗೊಟ್ಟಿತು. "ಬೈತಾ ಇವೆ ಅಕ್ಕ," ಅಂದ ಮೇಸ್ತ್ರಿ, "ಯಾರು ಚಳಿಗೆ ಹಾಕಿದ್ದು ಅಂತ." ಅವಳು ನಗುತ್ತಾ ಬಾಗಿಲಿಗೇ ಹಣೆ ಆನಿಸಿದಳು. ತಗಡು ಬೆಚ್ಚಗಿತ್ತು.

ಎಲ್ಲವೂ ಏಳಲಿಲ್ಲ, ಎಲ್ಲಾ ಸಲವೂ ಎಲ್ಲವೂ ಏಳುವುದಿಲ್ಲ. ಎದ್ದವು ಸಂಜೆಯ ಹೊತ್ತಿಗೆ ಮೈ ಒಣಗಿಸಿಕೊಂಡು ಹಳದಿ ಮುದ್ದೆಗಳಾಗಿ ಕಿಚಿಪಿಚಿ ಹಾಕುತ್ತಿದ್ದವು, ಕೋಣೆ ತುಂಬುವಷ್ಟು. ಮಾರನೆಯ ಬೆಳಿಗ್ಗೆ ಗಂಡ ಡಬ್ಬಗಳನ್ನು ಜೋಡಿಸುತ್ತಾ, "ಒಂದೇ ದಾರಿಗೆ ಎರಡು ಸಲ ಡೀಸೆಲ್ಲು. ಗಾಳಿ ಮಾರೋದೇ ವಾಸಿಯಾಗಿತ್ತು," ಎಂದು ಗೊಣಗಿದ; ಗೊಣಗುತ್ತಲೇ ಡಬ್ಬದ ಕಂಡಿಯೊಳಗೆ ಬೆರಳು ತೂರಿಸಿ ಒಂದು ಮರಿಯ ಕೊಕ್ಕಿಗೆ ಕುಟುಕಿಸಿಕೊಂಡ. ಮಾವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅವಳು ಅಂಗಳದ ಬಾಗಿಲವರೆಗೆ ತಂದಿದ್ದಳು. ಅವರು ಫೋನನ್ನು ತೊಡೆಯ ಮೇಲಿ‍ಟ್ಟುಕೊಂಡು, ಅದರ ಕಡೆ ನೋಡದೆ, ವ್ಯಾನಿನ ಮೇಲೆ ಕಣ್ಣಿಟ್ಟುಕೊಂಡು ಕೂತಿದ್ದರು. ಅವಳೂ ಪಕ್ಕದಲ್ಲಿ ನಿಂತು, ಈ ಸಲ ಅವರು ನೋಡುತ್ತಿದ್ದದ್ದನ್ನೇ ನೋಡಿದಳು. ಮೂರನೆಯದರ ಮರಿಗಳು ಹೋದ ಮಾರನೆಯ ದಿನ, ಬಿಸಿಲು ಅಂಗಳಕ್ಕೆ ಇಳಿಯುತ್ತಿದ್ದ ಹಾಗೆ, ನಾಲ್ಕನೆಯದರ ಮರಿಗಳು ಕೂಗಿಕೊಳ್ಳುತ್ತಾ ಹೊರಟುಹೋದವು. ಅಂದು ಶನಿವಾರ.